ಗ್ರಾಫ್ ತಣ್ಣಗಿದೆ, ಫೋನ್ ಬಿಸಿಯಾಗಿದೆ: ಕೇಂದ್ರ ಲಾಗ್‌ನಲ್ಲಿ ಸಾಲುಗಳು ಕಾಣೆಯಾದಾಗ ಹುಡುಕುವ ಬಗೆ

ಲಕ್ಷಣ

ಸಂಜೆ ಏಳರಿಂದ ಎಂಟರ ನಡುವೆ ಪೇಜ್ ತೆರೆಯಲೇ ಇಲ್ಲ ಎಂದು ಬಳಕೆದಾರರ ದೂರು. ಎಲ್ಲರಿಗೂ ಅಲ್ಲ, ಕೆಲವರಿಗೆ. ಸಪೋರ್ಟ್‌ನವರಿಗೆ ಫೋನ್ ಕೆಳಗಿಡಲು ಬಿಡುವಿಲ್ಲ. ನೀವು ಡ್ಯಾಶ್‌ಬೋರ್ಡ್ ತೆರೆದು ನೋಡಿದರೆ ಸರಾಸರಿ ಸಮಯ ಎಂದಿನಂತೆಯೇ ಇದೆ, ಎರರ್ ಎಣಿಕೆ ಸೊನ್ನೆಯ ಹತ್ತಿರ ಇದೆ, ಟ್ರಾಫಿಕ್ ಮಾತ್ರ ಸ್ವಲ್ಪ ಇಳಿದಿದೆ. "ನಮ್ಮ ಕಡೆ ಎಲ್ಲ ಸರಿ ಇದೆ, ಅವರ ನೆಟ್‌ವರ್ಕ್ ನೋಡಿಕೊಳ್ಳಲಿ" ಎಂದು ಟಿಕೆಟ್ ಮುಚ್ಚುವ ಆಸೆಯಾಗುತ್ತದೆ. ನಾನೂ ಒಮ್ಮೆ ಹಾಗೆ ಮುಚ್ಚಿದ್ದೆ. ಮರುದಿನ ಬೆಳಿಗ್ಗೆ ಅದೇ ಟಿಕೆಟ್ ಮ್ಯಾನೇಜರ್ ಕೈಯಿಂದ ವಾಪಸ್ ಬಂತು.

"ಟ್ರಾಫಿಕ್ ಸ್ವಲ್ಪ ಇಳಿದಿದೆ" ಎಂಬ ಸಾಲನ್ನೇ ನಾನು ಅಂದು ಓದಬೇಕಿತ್ತು. ಜನ ಜಾಸ್ತಿ ಬರುವ ಹೊತ್ತಿನಲ್ಲಿ ಟ್ರಾಫಿಕ್ ಯಾಕೆ ಇಳಿಯಬೇಕು? ಅದು ಇಳಿದಿರಲಿಲ್ಲ. ಸಾಲುಗಳು ಕೇಂದ್ರ ಲಾಗ್ (ಎಲ್ಲ ಸರ್ವರ್‌ಗಳ ದಾಖಲೆ ಸಾಲುಗಳು ಬಂದು ಸೇರುವ ಜಾಗ) ತಲುಪಿರಲಿಲ್ಲ, ಅಷ್ಟೇ.

ಹಳೆಯ ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಯಾರು ಯಾವಾಗ ಏನು ಮಾಡಿದರು ಎಂದು ದಾಖಲಿಸುವ ಆಡಿಟ್ ಲಾಗ್ ಕಿರ್ದಿ, ಟ್ರೆಂಡ್ ರಿಪೋರ್ಟ್ ಅದರಿಂದ ಎತ್ತಿ ಬರೆದ ಖತಾವಣಿ. ಕಿರ್ದಿಯಲ್ಲಿ ಬಿಟ್ಟುಹೋದ ವ್ಯವಹಾರ ಖತಾವಣಿಯಲ್ಲಿ ಹುಟ್ಟುವುದಿಲ್ಲ. ಇನ್ನೂ ಕೆಟ್ಟ ವಿಷಯವೆಂದರೆ ಸಾಲುಗಳು ಸುಮ್ಮನೆ ಅಲ್ಲೊಂದು ಇಲ್ಲೊಂದು ಕಳೆದುಹೋಗುವುದಿಲ್ಲ. ಲೋಡ್ ಹೆಚ್ಚಾದಾಗ, ಬ್ಯಾಕೆಂಡ್ (ಹಿಂದಿರುವ ಆ್ಯಪ್ ಸರ್ವರ್) ಬಿದ್ದಾಗ, ಸಂದೇಶ ವಿಚಿತ್ರ ಆಕಾರದಲ್ಲಿ ಬಂದಾಗಲೇ ಕಳೆಯುತ್ತವೆ. ಅಂದರೆ ನಿಮಗೆ ಬೇಕಾದ ಸಾಲುಗಳೇ ಮೊದಲು ಹೋಗುತ್ತವೆ. ಆದ್ದರಿಂದ ಗ್ರಾಫ್ ಓದುವ ಮೊದಲು ಸಾಲು ಎಣಿಸಿ. ಆ್ಯಪ್ ತಂಡದ ಮೇಲೆ ಹೋಗುವುದು ಆಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ ನಮ್ಮಲ್ಲಿ ಬೇಕಾದಷ್ಟು ನಡೆದಿದೆ.

ಇಲ್ಲಿ ನಾನು ತೆಗೆದುಕೊಂಡಿರುವುದು ತೀರಾ ಸಾಮಾನ್ಯ ಜೋಡಣೆ. ಮುಂದೆ ಕೋರಿಕೆಗಳನ್ನು ಸ್ವೀಕರಿಸಿ ಹಂಚುವ ವೆಬ್ ಸರ್ವರ್ ಎಂಜಿನ್‌ಎಕ್ಸ್ (nginx), ಹಿಂದೆ ನಾಲ್ಕಾರು ಆ್ಯಪ್ ಸರ್ವರ್, ಲಾಗ್ ಸಾಗಿಸಲು ಫೈಲ್‌ಬೀಟ್ ಅಥವಾ ಆರ್‌ಸಿಸ್‌ಲಾಗ್, ಸಂಗ್ರಹಕ್ಕೆ ಎಲಾಸ್ಟಿಕ್‌ಸರ್ಚ್, ನೋಡಲು ಕಿಬಾನಾ, ಅಳತೆಗೆ ಪ್ರೊಮಿಥಿಯಸ್ ಮತ್ತು ಗ್ರಫಾನಾ. ನಿಮ್ಮಲ್ಲಿ ಹೆಸರುಗಳು ಬೇರೆ ಇರಬಹುದು, ಸೋರುವ ಜಾಗಗಳು ಇವೇ.

ಮೊದಲು ಎಣಿಕೆ

ತೊಂದರೆ ಆದ ಒಂದು ಗಂಟೆಯನ್ನು ಆರಿಸಿಕೊಳ್ಳಿ. ಹಿಂದಿನ ವಾರದ ಅದೇ ದಿನದ ಅದೇ ಗಂಟೆಯನ್ನೂ ಜೊತೆಗಿಟ್ಟುಕೊಳ್ಳಿ. ಎರಡಕ್ಕೂ ಮೂರು ಕಡೆ ಎಣಿಸಿ: ಎಂಜಿನ್‌ಎಕ್ಸ್‌ನ ಆಕ್ಸೆಸ್ ಲಾಗ್ ಫೈಲಿನಲ್ಲಿ ಎಷ್ಟು ಸಾಲು, ಸಾಗಣೆದಾರ ತಾನು ಕಳುಹಿಸಿದೆ ಎನ್ನುವುದು ಎಷ್ಟು, ಎಲಾಸ್ಟಿಕ್‌ಸರ್ಚ್‌ನಲ್ಲಿ ಕುಳಿತಿರುವುದು ಎಷ್ಟು. ಫೈಲಿನ ಎಣಿಕೆಯನ್ನು ಆಯಾ ಸರ್ವರ್ ಮೇಲೆಯೇ ಮಾಡಿ. ಕೇಂದ್ರದಲ್ಲಿ ಕುಳಿತು ಕೇಂದ್ರವನ್ನೇ ಕೇಳಿದರೆ ಅದು ತನ್ನ ಬಳಿ ಇಲ್ಲದ್ದರ ಬಗ್ಗೆ ಏನು ಹೇಳೀತು?

ವ್ಯತ್ಯಾಸ ಎಷ್ಟು ಎನ್ನುವುದಕ್ಕಿಂತ ಅದು ಯಾವ ಆಕಾರದಲ್ಲಿದೆ ಎಂಬುದು ಮುಖ್ಯ. ದಿನವಿಡೀ ಒಂದೇ ಪ್ರಮಾಣದಲ್ಲಿ ಕಡಿಮೆ ಇದ್ದರೆ ಯಾರೋ ಫಿಲ್ಟರ್ ಅಥವಾ ಸ್ಯಾಂಪ್ಲಿಂಗ್ ಹಾಕಿ ಮರೆತಿದ್ದಾರೆ. ದಟ್ಟಣೆಯ ಹೊತ್ತಿನಲ್ಲಿ ಮಾತ್ರ ಕಡಿಮೆ ಇದ್ದರೆ ರೇಟ್ ಲಿಮಿಟ್ (ಇಷ್ಟು ಹೊತ್ತಿಗೆ ಇಷ್ಟೇ ಸಾಲು ಎಂಬ ಮಿತಿ), ಯುಡಿಪಿ (ತಲುಪಿತೇ ಎಂದು ಕೇಳದ ಸಾಗಣೆ ವಿಧಾನ) ಅಥವಾ ತುಂಬಿದ ಕ್ಯೂ (ಕಾಯುವ ಸರತಿ). ನಡುರಾತ್ರಿಯ ಆಸುಪಾಸಿನಲ್ಲಿ ಮಾತ್ರ ಕಡಿಮೆ ಇದ್ದರೆ ಲಾಗ್ ರೊಟೇಶನ್ (ಹಳೆಯ ಲಾಗ್ ಫೈಲ್ ಪಕ್ಕಕ್ಕಿಟ್ಟು ಹೊಸದು ಶುರುಮಾಡುವುದು). ಒಟ್ಟು ಸರಿ ಇದ್ದು ಗಂಟೆಗಳು ಮಾತ್ರ ಹೊಂದದಿದ್ದರೆ ಗಡಿಯಾರ. ಒಂದು ನಿರ್ದಿಷ್ಟ ಬಗೆಯ ಸಾಲು ಮಾತ್ರ ಇಲ್ಲವೆಂದರೆ ಪಾರ್ಸಿಂಗ್ (ಸಾಲನ್ನು ಫೀಲ್ಡ್‌ಗಳಾಗಿ ಬಿಡಿಸುವುದು) ಅಥವಾ ಮ್ಯಾಪಿಂಗ್ (ಯಾವ ಫೀಲ್ಡ್‌ಗೆ ಯಾವ ಬಗೆಯ ಮೌಲ್ಯ ಎಂಬ ನಿಯಮ). ಕೇಂದ್ರದಲ್ಲಿ ಮೂಲಕ್ಕಿಂತ ಹೆಚ್ಚು ಸಾಲು ಇದ್ದರೂ ಗಾಬರಿ ಬೇಡ. ಫೈಲ್‌ಬೀಟ್ ಕೊಡುವ ಭರವಸೆ "ಕನಿಷ್ಠ ಒಂದು ಸಲ" ತಲುಪಿಸುವುದು ಮಾತ್ರ. ಸ್ವೀಕೃತಿ ಬರುವ ಮೊದಲು ಸಂಪರ್ಕ ಕಡಿದರೆ ಅದೇ ಸಾಲನ್ನು ಮತ್ತೆ ಕಳುಹಿಸುತ್ತದೆ.

ಹಳೆಯ ಗಂಟೆಯ ಫೈಲ್ ಅಳಿಸಿಹೋಗಿದ್ದರೆ ಪರೀಕ್ಷಾ ಸಾಲುಗಳನ್ನು ಹಾಕಿ. ಲಾಗರ್ ಆಜ್ಞೆಯಿಂದ 1ರಿಂದ 10000ದವರೆಗೆ ಕ್ರಮಸಂಖ್ಯೆ ಇರುವ ಸಂದೇಶಗಳನ್ನು ಒಂದೇ ಉಸಿರಿಗೆ ಬಿಟ್ಟು, ಕೇಂದ್ರದಲ್ಲಿ ಯಾವ ಸಂಖ್ಯೆಗಳು ಇಲ್ಲ ಎಂದು ನೋಡಿ. ನಡುನಡುವೆ ಚದುರಿದ ತೂತುಗಳಿದ್ದರೆ ಸಾಮಾನ್ಯವಾಗಿ ಯುಡಿಪಿ. ಒಂದು ಹಂತದವರೆಗೆ ಪೂರ್ತಿ ಬಂದು ಆಮೇಲೆ ಕತ್ತಿಯಲ್ಲಿ ಕಡಿದಂತೆ ನಿಂತಿದ್ದರೆ ರೇಟ್ ಲಿಮಿಟ್. ಈ ಪರೀಕ್ಷೆ ಹಿಡಿಯುವುದು ಸಿಸ್‌ಲಾಗ್ (ಸರ್ವರ್‌ಗಳು ಲಾಗ್ ಸಂದೇಶ ಕಳುಹಿಸುವ ಹಳೆಯ ಪದ್ಧತಿ) ದಾರಿಯನ್ನು ಮಾತ್ರ. ಫೈಲ್ ಓದುವ ದಾರಿಗೆ ಎಂಜಿನ್‌ಎಕ್ಸ್‌ಗೇ ಸಂಖ್ಯೆ ಇರುವ ವಿಳಾಸಗಳನ್ನು ಬಡಿಯಬೇಕು.

ಗಡಿಯಾರ: ಐದೂವರೆ ಗಂಟೆಯ ಭೂತ

ನಮ್ಮ ದೇಶದ ಸಮಯ ಜಗತ್ತಿನ ಆಧಾರ ಸಮಯವಾದ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ. ಈ ಅರ್ಧ ಗಂಟೆ ಇಲ್ಲದಿದ್ದರೆ ನಮ್ಮ ವೃತ್ತಿಯಲ್ಲಿ ಎಷ್ಟೋ ರಾತ್ರಿಗಳು ಉಳಿಯುತ್ತಿದ್ದವು.

ಎಲಾಸ್ಟಿಕ್‌ಸರ್ಚ್ ಎಲ್ಲ ಸಮಯವನ್ನೂ ಯುಟಿಸಿಯಲ್ಲಿ ಇಡುತ್ತದೆ. ದಿನಕ್ಕೊಂದು ಇಂಡೆಕ್ಸ್ (ದಾಖಲೆಗಳ ಕಟ್ಟು) ಮಾಡುವ ಲಾಗ್‌ಸ್ಟ್ಯಾಶ್ (ಸಾಲುಗಳನ್ನು ಸಂಸ್ಕರಿಸಿ ಮುಂದೆ ಕಳುಹಿಸುವ ತಂತ್ರಾಂಶ) ಕೂಡ ಯುಟಿಸಿ ದಿನಾಂಕವನ್ನೇ ಹೆಸರಿಗೆ ಹಾಕುತ್ತದೆ. ಹಾಗಾಗಿ ನಮ್ಮ ಲೆಕ್ಕದಲ್ಲಿ ಹೊಸ "ದಿನ" ಹುಟ್ಟುವುದು ಬೆಳಗಿನ 5:30ಕ್ಕೆ. ದಿನದ ರಿಪೋರ್ಟ್ ಮಾಡುವ ಹಿಸ್ಟೋಗ್ರಾಮ್ ಪ್ರಶ್ನೆಯಲ್ಲಿ ಟೈಮ್‌ಝೋನ್ ಕೊಡದಿದ್ದರೆ ನಡುರಾತ್ರಿ 12ರಿಂದ ಬೆಳಗಿನ 5:30ರವರೆಗಿನ ಎಲ್ಲವೂ ನಿನ್ನೆಯ ಖಾತೆಗೆ ಬೀಳುತ್ತದೆ. ಕಿಬಾನಾ ಪರದೆಯಲ್ಲಿ ಸರಿ ಕಾಣುತ್ತದೆ, ಏಕೆಂದರೆ ಅದು ಬ್ರೌಸರ್‌ನ ಟೈಮ್‌ಝೋನ್ ಹಿಡಿಯುತ್ತದೆ. ರಾತ್ರಿ ಓಡುವ ಸ್ಕ್ರಿಪ್ಟ್ ಕಳುಹಿಸುವ ಇಮೇಲ್ ರಿಪೋರ್ಟ್ ಮಾತ್ರ ಬೇರೆ ಅಂಕಿ ಹೇಳುತ್ತದೆ. ಎರಡೂ ಅಂಕಿ ಹಿಡಿದುಕೊಂಡು ಮೀಟಿಂಗ್‌ನಲ್ಲಿ ಜಗಳವಾಡುವವರನ್ನು ನೋಡಿದ್ದೇನೆ.

ಇನ್ನೊಂದು ಬಗೆ: ಹಳೆಯ ಸಿಸ್‌ಲಾಗ್ ಶೈಲಿ. 2001ರ ಆರ್‌ಎಫ್‌ಸಿ 3164 (ಇಂಟರ್ನೆಟ್‌ನ ತಾಂತ್ರಿಕ ದಾಖಲೆಗಳಲ್ಲಿ ಒಂದು) ವಿವರಿಸುವ ಟೈಮ್‌ಸ್ಟ್ಯಾಂಪ್‌ನಲ್ಲಿ ವರ್ಷವೂ ಇಲ್ಲ, ಟೈಮ್‌ಝೋನೂ ಇಲ್ಲ. ಭಾರತೀಯ ಸಮಯದಲ್ಲಿ ಬರೆದ ಸಾಲನ್ನು ಸ್ವೀಕರಿಸುವವನು ಯುಟಿಸಿ ಎಂದು ಓದಿಕೊಂಡರೆ ಅದು ಐದೂವರೆ ಗಂಟೆ ಮುಂದಿನ, ಇನ್ನೂ ಬಾರದ ಹೊತ್ತಿನ ಸಾಲಾಗುತ್ತದೆ. ಕಿಬಾನಾದಲ್ಲಿ "ಕಳೆದ 15 ನಿಮಿಷ" ಖಾಲಿ, ಲಾಗ್ ಬರುತ್ತಲೇ ಇಲ್ಲ ಎಂದು ಕೂಗು. ಪರೀಕ್ಷಿಸಲು ಸಮಯದ ಕಿಟಕಿಯನ್ನು ನಾಳೆಯವರೆಗೆ ಎಳೆಯಿರಿ. ಕಾಣೆಯಾದವರೆಲ್ಲ ಅಲ್ಲಿ ಕುಳಿತಿರುತ್ತಾರೆ. 2009ರ ಆರ್‌ಎಫ್‌ಸಿ 5424 ಶೈಲಿಗೆ ಬದಲಾಯಿಸಿದರೆ ವರ್ಷ, ಝೋನ್ ಎರಡೂ ಸಂದೇಶದೊಳಗೇ ಬರುತ್ತವೆ.

ಸರ್ವರ್‌ಗಳ ಗಡಿಯಾರ ಒಂದಕ್ಕೊಂದು ಹೊಂದುತ್ತಿದೆಯೇ ಎಂದು ಸಮಯ ಹೊಂದಿಸುವ ತಂತ್ರಾಂಶ ಕ್ರೋನಿಯ ಟ್ರ್ಯಾಕಿಂಗ್ ಆಜ್ಞೆ ಹೇಳುತ್ತದೆ. ಕೆಲವು ಸೆಕೆಂಡ್ ಜಾರಿದರೂ ಆಡಿಟ್‌ನಲ್ಲಿ ಘಟನೆಗಳ ಕ್ರಮ ತಿರುವುಮುರುವು: ಲಾಗಿನ್ ಆಗುವ ಮೊದಲೇ ಫೈಲ್ ಇಳಿಸಿಕೊಂಡ ಬಳಕೆದಾರ ಕಾಣಿಸಿಕೊಳ್ಳುತ್ತಾನೆ. ಇದು ಬರೀ ಶಿಸ್ತಿನ ಮಾತಲ್ಲ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಗಡಿಯಾರವನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಎನ್‌ಟಿಪಿ (ಸರಿಯಾದ ಸಮಯ ಹೇಳುವ) ಸರ್ವರ್‌ಗೆ, ಇಲ್ಲವೇ ಅವುಗಳಿಗೆ ತಾಳೆಯಾಗುವ ಸರ್ವರ್‌ಗೆ ಹೊಂದಿಸಬೇಕು.

ನಮ್ಮ ಪ್ರಕರಣದಲ್ಲಿ ಗಡಿಯಾರ ಸರಿಯಿತ್ತು. ಮುಂದೆ ಹೋಗೋಣ.

ಹುಟ್ಟಿದ ಮನೆಯಲ್ಲೇ ಕಳೆದ ಸಾಲು

ಆ್ಯಪ್ ತನ್ನ ಲಾಗನ್ನು ಲಿನಕ್ಸ್‌ನ ಲಾಗ್ ಸೇವೆ ಜರ್ನಲ್‌ಡಿಗೆ ಕೊಡುತ್ತಿದ್ದರೆ ಅಲ್ಲಿ ರೇಟ್ ಲಿಮಿಟ್ ಇದೆ. ಈಚಿನ ಆವೃತ್ತಿಗಳಲ್ಲಿ ಡೀಫಾಲ್ಟ್ ಎಂದರೆ ಒಂದು ಸರ್ವಿಸ್‌ಗೆ 30 ಸೆಕೆಂಡಿಗೆ 10000 ಸಂದೇಶ. ಡಿಸ್ಕ್‌ನಲ್ಲಿ ಖಾಲಿ ಜಾಗ ಹೆಚ್ಚಿದ್ದರೆ ಮಿತಿ ಹಿಗ್ಗುತ್ತದೆ. ಹಳೆಯ ಆವೃತ್ತಿಗಳಲ್ಲಿ 1000 ಇತ್ತು. ಮಿತಿ ದಾಟಿದರೆ ಜರ್ನಲ್‌ನಲ್ಲಿ "ಇಷ್ಟು ಸಂದೇಶ ತಡೆಹಿಡಿಯಲಾಗಿದೆ" ಎಂಬರ್ಥದ ಒಂದೇ ಸಾಲು ಉಳಿಯುತ್ತದೆ. ಅದನ್ನು ಹುಡುಕಿ, ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಆ ಸರ್ವಿಸ್‌ಗೆ ಮಾತ್ರ ಮಿತಿ ಏರಿಸಿ, ಪೂರ್ತಿ ತೆಗೆಯಬೇಡಿ. ಡೀಬಗ್ ಲೆವೆಲ್ ಬಿಟ್ಟು ಹೋದ ಒಂದು ಆ್ಯಪ್ ಡಿಸ್ಕ್ ತುಂಬಿಸಲು ಒಂದು ರಾತ್ರಿ ಸಾಕು.

ಕರ್ನಲ್ (ಲಿನಕ್ಸ್‌ನ ತಿರುಳು) ಮಟ್ಟದ ಆಡಿಟ್ ಇದ್ದರೆ ಆಡಿಟ್‌ಸಿಟಿಎಲ್ ಆಜ್ಞೆಯ ಸ್ಟೇಟಸ್ ನೋಡಿ. ಅಲ್ಲಿ "ಲಾಸ್ಟ್" ಎಂಬ ಅಂಕಿ ಸೊನ್ನೆಗಿಂತ ಮೇಲಿದ್ದರೆ ಆಡಿಟ್ ದಾಖಲೆಗಳು ಬಿದ್ದುಹೋಗಿವೆ ಎಂದೇ ಅರ್ಥ. ಬ್ಯಾಕ್‌ಲಾಗ್ ಮಿತಿ ಮೀರಿದೆ ಎಂಬ ಸಂದೇಶ ಕರ್ನಲ್ ಲಾಗ್‌ನಲ್ಲೂ ಇರುತ್ತದೆ. ಬ್ಯಾಕ್‌ಲಾಗ್ ದೊಡ್ಡದು ಮಾಡುವುದು ತಾತ್ಕಾಲಿಕ ಉಪಾಯ. ಸಾಮಾನ್ಯವಾಗಿ ಯಾರೋ ಎಲ್ಲ ಫೈಲ್ ತೆರೆಯುವಿಕೆಯನ್ನೂ ದಾಖಲಿಸುವ ನಿಯಮ ಹಾಕಿರುತ್ತಾರೆ. ಆ ನಿಯಮವನ್ನು ಕಿರಿದು ಮಾಡುವುದೇ ಮದ್ದು.

ಆ್ಯಪ್‌ಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಕಂಟೇನರ್ ಲೋಕದಲ್ಲಿ ಎರಡು ಸಂಗತಿ. ಡಾಕರ್ 16 ಕೆಬಿಗಿಂತ ಉದ್ದದ ಸಾಲನ್ನು ತುಂಡು ಮಾಡುತ್ತದೆ. ಮತ್ತೆ ಜೋಡಿಸದಿದ್ದರೆ ಉದ್ದನೆಯ ಜೇಸನ್ (ಹೆಸರು-ಮೌಲ್ಯ ಜೋಡಿಗಳ ರೂಪ) ಸಾಲು ಎರಡು ಮುರುಕು ಸಾಲುಗಳಾಗಿ ಪಾರ್ಸರ್‌ಗೆ ಬೀಳುತ್ತದೆ. ಕುಬರ್ನೆಟಿಸ್‌ನಲ್ಲಿ ಕ್ಯೂಬ್‌ಲೆಟ್ ಒಂದು ಕಂಟೇನರ್‌ಗೆ ತಲಾ 10 ಎಂಬಿಯ 5 ಫೈಲ್ ಮಾತ್ರ ಇಡುವುದು ಡೀಫಾಲ್ಟ್. ಗಲಾಟೆ ಮಾಡುವ ಪಾಡ್ (ಕಂಟೇನರ್‌ಗಳ ಗುಂಪು) ಆ 50 ಎಂಬಿಯನ್ನು ಸಾಗಣೆದಾರ ಓದಿ ಮುಗಿಸುವ ಮೊದಲೇ ಮೀರಬಹುದು.

ಲಾಗ್‌ರೊಟೇಟ್‌ನಲ್ಲಿ ಕಾಪಿಟ್ರಂಕೇಟ್ ಕಂಡರೆ ತೆಗೆದುಹಾಕಿ. ನಕಲು ಮುಗಿದು ಮೂಲವನ್ನು ಸೊನ್ನೆ ಮಾಡುವ ಆ ಸಣ್ಣ ಸಂದಿಯಲ್ಲಿ ಬರೆದದ್ದೆಲ್ಲ ಹೋಗುತ್ತದೆ. ಎಂಜಿನ್‌ಎಕ್ಸ್‌ಗೆ ಅದರ ಅಗತ್ಯವೇ ಇಲ್ಲ. ಫೈಲ್ ಹೆಸರು ಬದಲಿಸಿ ಯುಎಸ್‌ಆರ್1 ಸಿಗ್ನಲ್ ಕೊಟ್ಟರೆ ಹೊಸ ಫೈಲ್ ತಾನೇ ತೆರೆಯುತ್ತದೆ.

ದಾರಿಯಲ್ಲಿ

514ನೇ ಪೋರ್ಟ್‌ನಲ್ಲಿ ಯುಡಿಪಿ ಸಿಸ್‌ಲಾಗ್ ಇನ್ನೂ ಓಡುತ್ತಿದ್ದರೆ ಕಳೆದ ಸಾಲಿಗೆ ಯಾರೂ ಉತ್ತರವಾದಿಯಲ್ಲ. ಸ್ವೀಕರಿಸುವ ಸರ್ವರ್‌ನಲ್ಲಿ ನೆಟ್‌ಸ್ಟ್ಯಾಟ್‌ನ ಯುಡಿಪಿ ಅಂಕಿಅಂಶ ತೆಗೆದು ರಿಸೀವ್ ಬಫರ್ ಎರರ್ ಏರುತ್ತಿದೆಯೇ ನೋಡಿ. ಏರುತ್ತಿದ್ದರೆ ಸ್ವೀಕೃತಿ ಕೇಳುವ ಟಿಸಿಪಿಗೆ, ಸಾಧ್ಯವಿದ್ದರೆ 6514ನೇ ಪೋರ್ಟ್‌ನ ಗೂಢಲಿಪಿಯ ಟಿಎಲ್‌ಎಸ್‌ಗೆ ಹೋಗಿ. ಆಡಿಟ್ ಸಾಲುಗಳನ್ನು ಯುಡಿಪಿಯಲ್ಲಿ ಕಳುಹಿಸುವುದು ಮನಿಯಾರ್ಡರನ್ನು ಬಸ್ ಕಂಡಕ್ಟರ್ ಕೈಯಲ್ಲಿ ಕೊಟ್ಟ ಹಾಗೆ. ಹೆಚ್ಚಿನ ಸಲ ತಲುಪುತ್ತದೆ, ಆದರೆ ರಸೀದಿ ಇಲ್ಲ.

ಟಿಸಿಪಿ ಮಾಡಿದ ಕೂಡಲೇ ಬೇರೊಂದು ಹೊಂಡ. ಆರ್‌ಸಿಸ್‌ಲಾಗ್‌ಗೆ ಪ್ರತ್ಯೇಕ ಕ್ಯೂ ಕೊಡದಿದ್ದರೆ, ಕೇಂದ್ರ ಸರ್ವರ್ ಕೆಳಗಿದ್ದಾಗ ಮುಖ್ಯ ಕ್ಯೂ ತುಂಬಿ, ಲಾಗ್ ಬರೆಯಲು ಬಂದ ಪ್ರೋಗ್ರಾಂಗಳೇ ಕಾಯುತ್ತ ನಿಲ್ಲುವ ಸ್ಥಿತಿ ಬರಬಹುದು. ಎಸ್‌ಎಸ್‌ಎಚ್ ಲಾಗಿನ್ ಕೂಡ ತೆವಳುತ್ತದೆ. ಲಾಗ್ ಸರ್ವರ್ ಬಿದ್ದದ್ದಕ್ಕೆ ವೆಬ್ ಸರ್ವರ್ ಒಳಗೆ ಹೋಗಲಾಗದ ವಿಚಿತ್ರ. ಮರುಪ್ರಯತ್ನದ ಎಣಿಕೆಯನ್ನು ಮೈನಸ್ 1 ಮಾಡಿ, ಆ ಫಾರ್ವರ್ಡ್ ಕ್ರಿಯೆಗೆ ಅದರದೇ ಕ್ಯೂ ಕೊಟ್ಟು, ಕ್ಯೂಗೆ ಫೈಲ್ ಹೆಸರು ಕೊಟ್ಟು ಡಿಸ್ಕ್ ನೆರವು ಸೇರಿಸಿ, ರಿಸ್ಟಾರ್ಟ್ ಹೊತ್ತಿನಲ್ಲಿ ಕ್ಯೂ ಉಳಿಸುವ ಆಯ್ಕೆ ಹಾಕಿ. ಜೊತೆಗೆ ಇಂಪ್‌ಸ್ಟ್ಯಾಟ್ಸ್ ಮಾಡ್ಯೂಲ್ ಆನ್ ಮಾಡಿ. ಕ್ಯೂ ಎಷ್ಟು ತುಂಬಿದೆ, ಎಷ್ಟು ಬಿಸಾಡಿದೆ ಎಂದು ಅದು ನಿಯತವಾಗಿ ಹೇಳುತ್ತದೆ. ಉದ್ದದ ಬಗ್ಗೆಯೂ ಗಮನವಿರಲಿ: ಆರ್‌ಎಫ್‌ಸಿ 3164ರ ಮಿತಿ 1024 ಬೈಟ್, ಆರ್‌ಸಿಸ್‌ಲಾಗ್‌ನ ಡೀಫಾಲ್ಟ್ 8 ಕೆಬಿ. ಉದ್ದನೆಯ ಯೂಸರ್ ಏಜೆಂಟ್ ಮತ್ತು ಕ್ವೆರಿ ಸ್ಟ್ರಿಂಗ್ ಇರುವ ಸಾಲು ಬಾಲ ಕಳೆದುಕೊಂಡು ಬಂದರೆ ಜೇಸನ್ ಮುರಿದಂತೆಯೇ.

ಉಗ್ರಾಣದ ಬಾಗಿಲಲ್ಲಿ: ನಮ್ಮ ಕಳ್ಳ ಸಿಕ್ಕಿದ್ದು ಇಲ್ಲಿ

ಫೈಲಿನ ಎಣಿಕೆ ಸರಿ. ಫೈಲ್‌ಬೀಟ್ ಓದಿದ ಎಣಿಕೆಯೂ ಸರಿ. ಎಲಾಸ್ಟಿಕ್‌ಸರ್ಚ್‌ನಲ್ಲಿ ಮಾತ್ರ ಕಡಿಮೆ. ಆದರೆ ಅಲ್ಲಿನ ಸರ್ವರ್ ಆರೋಗ್ಯ ಹಸಿರು, ಬಲ್ಕ್ ಕೋರಿಕೆಗಳಿಗೆ (ಹಲವು ದಾಖಲೆಗಳನ್ನು ಒಟ್ಟಿಗೆ ಕಳುಹಿಸುವವು) ಉತ್ತರ 200, ಅಂದರೆ ಸರಿ.

ಆ 200 ಸಂಖ್ಯೆಯನ್ನು ನಂಬಬೇಡಿ. ತಾಲ್ಲೂಕು ಕಚೇರಿಯ ಟಪಾಲು ವಿಭಾಗದಲ್ಲಿ ಲಕೋಟೆ ಮೇಲೆ "ಸ್ವೀಕರಿಸಲಾಗಿದೆ" ಎಂಬ ಮುದ್ರೆ ಬೀಳುತ್ತದಲ್ಲ, ಅಷ್ಟೇ ಅದರ ಅರ್ಥ. ಒಳಗಿದ್ದ ಐನೂರು ಅರ್ಜಿಗಳಲ್ಲಿ ಹತ್ತು ತಿರಸ್ಕೃತವಾದರೂ ಲಕೋಟೆಗೆ ಮುದ್ರೆ ಅದೇ. ಉತ್ತರದ ಒಳಗೆ "ಎರರ್ಸ್" ಎಂಬುದು ನಿಜ ಎಂದಿದ್ದರೆ ಒಂದೊಂದು ದಾಖಲೆಯ ಸ್ಥಿತಿಯನ್ನು ಬಿಡಿಸಿ ನೋಡಬೇಕು. ಅಲ್ಲಿ 429 ಇದ್ದರೆ ಸರ್ವರ್‌ಗೆ ಪುರುಸೊತ್ತಿಲ್ಲ, ಸಾಗಣೆದಾರ ಮತ್ತೆ ಪ್ರಯತ್ನಿಸುತ್ತಾನೆ. 400 ಇದ್ದರೆ ದಾಖಲೆಯ ಆಕಾರವೇ ಹಿಡಿಸಲಿಲ್ಲ. ಎಷ್ಟು ಸಲ ಕಳುಹಿಸಿದರೂ ಅದೇ ಉತ್ತರ ಬರುವುದರಿಂದ ಫೈಲ್‌ಬೀಟ್ ಅದನ್ನು ಬಿಸಾಡಿ, ತನ್ನ ಲಾಗ್‌ನಲ್ಲಿ ಒಂದು ಎಚ್ಚರಿಕೆ ಬರೆದು ಮುಂದೆ ಹೋಗುತ್ತದೆ. ಫೈಲ್‌ಬೀಟ್‌ನ ಸ್ವಂತ ಲಾಗನ್ನು ಯಾರು ಓದುತ್ತಾರೆ ಹೇಳಿ!

ಓದಿದೆವು. ಮ್ಯಾಪರ್ ಪಾರ್ಸಿಂಗ್ ಎಕ್ಸೆಪ್ಶನ್. ಫೀಲ್ಡ್ ಹೆಸರು ಅಪ್‌ಸ್ಟ್ರೀಮ್ ರೆಸ್ಪಾನ್ಸ್ ಟೈಮ್, ಅಂದರೆ ಬ್ಯಾಕೆಂಡ್ ಉತ್ತರಿಸಲು ತೆಗೆದುಕೊಂಡ ಸಮಯ. ಬಂದಿದ್ದ ಮೌಲ್ಯ: "60.001, 0.140".

ಈ ಒಂದು ಮೌಲ್ಯದಲ್ಲಿ ಇಡೀ ಸಂಜೆಯ ಕಥೆ ಇದೆ. ಎಂಜಿನ್‌ಎಕ್ಸ್ ಒಂದು ಕೋರಿಕೆಯನ್ನು ಮೊದಲ ಬ್ಯಾಕೆಂಡ್‌ಗೆ ಕೊಟ್ಟಿತು. ಆ ಬ್ಯಾಕೆಂಡ್ ಸತ್ತಿರಲಿಲ್ಲ, ಹ್ಯಾಂಗ್ ಆಗಿತ್ತು. ರೀಡ್ ಟೈಮ್‌ಔಟ್ ಡೀಫಾಲ್ಟ್ 60 ಸೆಕೆಂಡ್. ಎಂಜಿನ್‌ಎಕ್ಸ್ ಅಷ್ಟು ಕಾದು, ಎರಡನೇ ಬ್ಯಾಕೆಂಡ್‌ಅನ್ನು ಕೇಳಿತು. ಅದು 0.140 ಸೆಕೆಂಡಿನಲ್ಲಿ ಉತ್ತರ ಕೊಟ್ಟಿತು. ಒಂದಕ್ಕಿಂತ ಹೆಚ್ಚು ಬ್ಯಾಕೆಂಡ್‌ಗಳನ್ನು ಕೇಳಿದಾಗ ಎಂಜಿನ್‌ಎಕ್ಸ್ ಎಲ್ಲ ಸಮಯಗಳನ್ನೂ ಅಲ್ಪವಿರಾಮ ಹಾಕಿ ಒಂದೇ ಫೀಲ್ಡ್‌ನಲ್ಲಿ ಬರೆಯುತ್ತದೆ. ಇಂಡೆಕ್ಸ್ ಟೆಂಪ್ಲೇಟ್‌ನಲ್ಲಿ ಆ ಫೀಲ್ಡ್ ಫ್ಲೋಟ್ (ಒಂದೇ ದಶಮಾಂಶ ಸಂಖ್ಯೆ) ಎಂದು ಘೋಷಿಸಲಾಗಿತ್ತು. ಅಲ್ಪವಿರಾಮ ಇರುವ ಸಂಖ್ಯೆಯನ್ನು ಎಲಾಸ್ಟಿಕ್‌ಸರ್ಚ್ ಓದಲಾರದು. ಫೀಲ್ಡ್ ಒಂದೇ ಕೆಟ್ಟಿದ್ದರೂ ಇಡೀ ದಾಖಲೆ ತಿರಸ್ಕೃತ.

ಅಂದರೆ ಒಂದೇ ಸಲಕ್ಕೆ ಸಲೀಸಾಗಿ ಮುಗಿದ ಕೋರಿಕೆಗಳೆಲ್ಲ ಉಗ್ರಾಣ ಸೇರಿದವು. ಒಂದು ನಿಮಿಷ ಕಾಯಿಸಿ ಎರಡನೇ ಬ್ಯಾಕೆಂಡ್‌ಗೆ ಹೋದ ಕೋರಿಕೆಗಳೆಲ್ಲ ಬಾಗಿಲಲ್ಲೇ ಉಳಿದವು. ಹಾಗಾಗಿಯೇ ಗ್ರಾಫ್ ತಣ್ಣಗಿತ್ತು. ಕೆಲವರಿಗೆ ಮಾತ್ರ ತೊಂದರೆ ಏಕೆ ಎಂಬುದಕ್ಕೂ ಉತ್ತರ ಸಿಕ್ಕಿತು: ಒಂದು ಸೋಲಿನ ನಂತರ ಎಂಜಿನ್‌ಎಕ್ಸ್ ಆ ಬ್ಯಾಕೆಂಡ್‌ಅನ್ನು 10 ಸೆಕೆಂಡ್ ಪಕ್ಕಕ್ಕಿಡುತ್ತದೆ, ಆಮೇಲೆ ಮತ್ತೆ ಯಾರನ್ನಾದರೂ ಅಲ್ಲಿಗೆ ಕಳುಹಿಸಿ ನೋಡುತ್ತದೆ. ಯಾರ ಸರದಿ ಬಂತೋ ಅವರ ಹಣೆಬರಹ. 60 ಸೆಕೆಂಡ್ ಕಾಯದೆ ಟ್ಯಾಬ್ ಮುಚ್ಚಿದವರು 499 ಎಂಬ ಸಂಖ್ಯೆಯಾಗಿ ಉಳಿದಿದ್ದರು. ಡ್ಯಾಶ್‌ಬೋರ್ಡ್‌ನ ಎರರ್ ಗ್ರಾಫ್ 500ರಿಂದ ಮೇಲಿನದ್ದನ್ನು ಮಾತ್ರ ಎಣಿಸುತ್ತಿತ್ತು, ಆದ್ದರಿಂದ ಅವರೂ ಅದೃಶ್ಯ. ಫಾರಂ ತುಂಬಿ ಸಲ್ಲಿಸಿದವರ ಪಾಡು ಇನ್ನೂ ಬೇರೆ: ಒಮ್ಮೆ ಕಳುಹಿಸಿಯಾದ ಪೋಸ್ಟ್ ಕೋರಿಕೆಯನ್ನು ಎಂಜಿನ್‌ಎಕ್ಸ್ 1.9.13ರಿಂದೀಚೆಗೆ ತಾನಾಗಿ ಇನ್ನೊಂದು ಬ್ಯಾಕೆಂಡ್‌ಗೆ ಕೊಡುವುದಿಲ್ಲ. ಒಂದೇ ಹಣ ಎರಡು ಸಲ ಕಡಿತವಾಗದಿರಲಿ ಎಂಬ ಎಚ್ಚರ ಅದು, ಸರಿಯಾದದ್ದೇ. ಅವರಿಗೆ ಸಿಕ್ಕಿದ್ದು 504, ಅಂದರೆ ಬ್ಯಾಕೆಂಡ್ ಸಮಯಕ್ಕೆ ಉತ್ತರಿಸಲಿಲ್ಲ ಎಂಬ ಎರರ್.

ಮದ್ದು ಹೀಗೆ. ಆ ಫೀಲ್ಡ್‌ಅನ್ನು ಮೊದಲು ಅಕ್ಷರ ರೂಪದಲ್ಲೇ ತೆಗೆದುಕೊಳ್ಳಿ, ಇಂಜೆಸ್ಟ್ (ದಾಖಲೆ ಒಳಬರುವ) ಹಂತದಲ್ಲಿ ಅಲ್ಪವಿರಾಮದಲ್ಲಿ ಒಡೆದು ಪಟ್ಟಿ ಮಾಡಿ, ಕೊನೆಯ ಸಮಯ, ಒಟ್ಟು ಸಮಯ, ಪ್ರಯತ್ನಗಳ ಎಣಿಕೆ ಎಂದು ಮೂರು ಹೊಸ ಫೀಲ್ಡ್ ಬರೆಯಿರಿ. ಬ್ಯಾಕೆಂಡ್‌ಗೆ ಹೋಗದ ಕೋರಿಕೆಗಳಲ್ಲಿ ಅದೇ ಜಾಗದಲ್ಲಿ ಬರೀ ಅಡ್ಡಗೆರೆ ಇರುತ್ತದೆ, ಅದನ್ನೂ ನೋಡಿಕೊಳ್ಳಿ. ಪ್ರಯತ್ನಗಳ ಎಣಿಕೆ ಎಂಬ ಫೀಲ್ಡ್ ಮುಂದೆ ನಿಮ್ಮ ಅತ್ಯಂತ ಉಪಯುಕ್ತ ಗ್ರಾಫ್ ಆಗುತ್ತದೆ. ಆತುರದಲ್ಲಿದ್ದರೆ ಇಂಡೆಕ್ಸ್‌ಗೆ ಇಗ್ನೋರ್ ಮಾಲ್‌ಫಾರ್ಮ್ಡ್ ಆಯ್ಕೆ ಹಾಕಿ. ಕೆಟ್ಟ ಫೀಲ್ಡ್ ಬಿಟ್ಟು ಉಳಿದ ದಾಖಲೆ ಒಳಗೆ ಬರುತ್ತದೆ, ಯಾವ ಫೀಲ್ಡ್ ಬಿಟ್ಟಿತು ಎಂಬುದೂ ದಾಖಲೆಯಲ್ಲೇ ಗುರುತಾಗುತ್ತದೆ. ಆದರೆ ಅದೊಂದೇ ಸಾಲದು, ಏಕೆಂದರೆ ಸಾಲು ಬಂದರೂ ಸಮಯ ಬರಲಿಲ್ಲವಲ್ಲ. ಲಾಗ್‌ಸ್ಟ್ಯಾಶ್ ಇದ್ದವರು ತಿರಸ್ಕೃತ ದಾಖಲೆಗಳನ್ನು ಎತ್ತಿಡುವ ಡೆಡ್ ಲೆಟರ್ ಕ್ಯೂ ಆನ್ ಮಾಡಿ. ಅದು ತಾನಾಗಿ ಆನ್ ಇರುವುದಿಲ್ಲ.

ಇದೇ ಬಾಗಿಲಲ್ಲಿ ಸಾಲು ನಿಲ್ಲಲು ಇತರ ಕಾರಣಗಳೂ ಇವೆ. ಡಿಸ್ಕ್ ಶೇ. 95 ದಾಟಿದರೆ ಆ ನೋಡ್‌ನಲ್ಲಿ ತುಂಡುಗಳಿರುವ (ಶಾರ್ಡ್) ಇಂಡೆಕ್ಸ್‌ಗಳೆಲ್ಲ ಬರೆಯಲಾಗದ ಸ್ಥಿತಿಗೆ ಹೋಗುತ್ತವೆ. ಎಲಾಸ್ಟಿಕ್‌ಸರ್ಚ್ 7.4ರಿಂದ ಜಾಗ ಸಿಕ್ಕ ಮೇಲೆ ಅದು ತಾನೇ ಬಿಡುತ್ತದೆ, ಹಳೆಯದರಲ್ಲಿ ಕೈಯಾರೆ ಬಿಡಿಸಬೇಕು. ಒಂದು ಇಂಡೆಕ್ಸ್‌ಗೆ 1000 ಫೀಲ್ಡ್ ಎಂಬ ಮಿತಿ ಇದೆ. ಬಳಕೆದಾರರ ಐಡಿಯನ್ನೇ ಫೀಲ್ಡ್ ಹೆಸರು ಮಾಡಿ ಜೇಸನ್ ಬರೆಯುವ ಆ್ಯಪ್ ಅದನ್ನು ಬೇಗ ಮುಟ್ಟುತ್ತದೆ. ಟೆಂಪ್ಲೇಟ್ ಇಲ್ಲದ ದಿನದ ಇಂಡೆಕ್ಸ್‌ನಲ್ಲಿ ಮೊದಲು ಬಂದ ದಾಖಲೆಯೇ ಫೀಲ್ಡ್‌ನ ಜಾತಿ ನಿರ್ಧರಿಸುತ್ತದೆ. ಬೆಳಗಿನ 5:30ಕ್ಕೆ ಮೊದಲು ಬಂದ ಜೇಸನ್‌ನಲ್ಲಿ ಸಮಯ 0 ಎಂದಿದ್ದರೆ ಫೀಲ್ಡ್ ಪೂರ್ಣಾಂಕವಾಗಿ, ಆ ದಿನವಿಡೀ 0.8 ಸೆಕೆಂಡ್ ಕೂಡ ಲೆಕ್ಕದಲ್ಲಿ 0. ವಾರಕ್ಕೊಂದು ದಿನ ಮಾತ್ರ ಗ್ರಾಫ್ ನೆಲಕ್ಕಂಟುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನು.

ಸಾಲು ಸರಿ ಇದ್ದರೂ ಗ್ರಾಫ್ ಸುಳ್ಳಾದರೆ

ನಮ್ಮ ಪ್ರಕರಣದಲ್ಲಿ ಪ್ರೊಮಿಥಿಯಸ್ ಬೇರೆ ದಾರಿಯಲ್ಲಿ ಆ್ಯಪ್‌ಗಳನ್ನೇ ನೇರ ಅಳೆಯುತ್ತಿತ್ತು. ಅದಾದರೂ ಕೂಗಬೇಕಿತ್ತಲ್ಲ? ಕೂಗಲಿಲ್ಲ, ಅದಕ್ಕೆ ಒಂದಲ್ಲ ಮೂರು ಕಾರಣ.

ಹ್ಯಾಂಗ್ ಆದ ಕೋರಿಕೆ ಮುಗಿಯುವುದೇ ಇಲ್ಲ. ಆ್ಯಪ್‌ನೊಳಗಿನ ಹಿಸ್ಟೋಗ್ರಾಮ್‌ಗೆ ಸಂಖ್ಯೆ ಸೇರುವುದು ಕೋರಿಕೆ ಮುಗಿದ ಮೇಲೆ. ಮುಗಿಯದ್ದು ಲೆಕ್ಕಕ್ಕಿಲ್ಲ. ಇದಕ್ಕಾಗಿಯೇ ಸದ್ಯ ಎಷ್ಟು ಕೋರಿಕೆ ಒಳಗಿವೆ ಎಂಬ ಗೇಜ್ ಬೇಕು. ಆ ಗೇಜ್ ಏರುತ್ತ ಹೋದರೆ ಉಳಿದ ಗ್ರಾಫ್‌ಗಳನ್ನು ನಂಬಬೇಡಿ.

ಎರಡನೆಯದು, ಹ್ಯಾಂಗ್ ಆದ ಸರ್ವರ್ ಪ್ರೊಮಿಥಿಯಸ್‌ಗೂ ಉತ್ತರ ಕೊಡುವುದಿಲ್ಲ. ಆ ಹೊತ್ತಿಗೆ ಗ್ರಾಫ್‌ನಲ್ಲಿ ತೂತು ಬೀಳಬೇಕು. ಗ್ರಫಾನಾದಲ್ಲಿ ಖಾಲಿ ಜಾಗವನ್ನು ಗೆರೆಯಿಂದ ಜೋಡಿಸುವ ಆಯ್ಕೆ ಯಾರೋ ಚೆಂದಕ್ಕೆಂದು ಹಾಕಿದ್ದರು. ತೂತಿನ ಮೇಲೆ ನೇರ ಗೆರೆ ಬಂದು ಕುಳಿತಿತ್ತು.

ಮೂರನೆಯದು ಬಕೆಟ್‌ಗಳ (ಇಷ್ಟು ಸಮಯದೊಳಗೆ ಮುಗಿದವು ಎಷ್ಟು ಎಂದು ಎಣಿಸುವ ಡಬ್ಬಿಗಳ) ಚಾವಣಿ. ಪ್ರೊಮಿಥಿಯಸ್ ಲೈಬ್ರರಿಗಳ ಡೀಫಾಲ್ಟ್ ಬಕೆಟ್‌ಗಳು ಸಾಮಾನ್ಯವಾಗಿ 0.005 ಸೆಕೆಂಡಿನಿಂದ ಶುರುವಾಗಿ 10 ಸೆಕೆಂಡಿಗೆ ನಿಲ್ಲುತ್ತವೆ. ಅದಕ್ಕಿಂತ ಮೇಲಿನದ್ದೆಲ್ಲ ಅನಂತದ ಬಕೆಟ್‌ಗೆ. ಪರ್ಸೆಂಟೈಲ್ (ಶೇಕಡಾ ಇಷ್ಟು ಕೋರಿಕೆ ಇದರೊಳಗೆ ಮುಗಿದವು ಎಂಬ ಸಮಯ) ಅನಂತದ ಬಕೆಟ್‌ನಲ್ಲಿ ಬಿದ್ದರೆ ಪ್ರೊಮಿಥಿಯಸ್ ಕೊಡುವ ಉತ್ತರ ಅದರ ಹಿಂದಿನ ಗಡಿ, ಅಂದರೆ 10. ಹೀಗಾಗಿ 99ನೇ ಪರ್ಸೆಂಟೈಲ್ ಗೆರೆ ಸರಿಯಾಗಿ 10ರ ಮೇಲೆ ಸ್ಕೇಲ್ ಇಟ್ಟು ಎಳೆದಂತೆ ಸಪಾಟಾಗಿದ್ದರೆ ಅದು 10 ಸೆಕೆಂಡ್ ಅಲ್ಲ, "ಗೊತ್ತಿಲ್ಲ, 10ಕ್ಕಿಂತ ಮೇಲೆ" ಎಂದು ಓದಿ. ನಿಜ ಜೀವನದಲ್ಲಿ ಯಾವ ಸಮಯವೂ ಅಷ್ಟು ನೆಟ್ಟಗಿರುವುದಿಲ್ಲ. ನಿಮ್ಮ ಟೈಮ್‌ಔಟ್ 60 ಆಗಿದ್ದರೆ ಬಕೆಟ್‌ಗಳೂ 30, 60ರವರೆಗೆ ಹೋಗಬೇಕು.

ತಿಂಗಳ ಟ್ರೆಂಡ್ ರಿಪೋರ್ಟ್‌ನಲ್ಲಿ ನಾನು ಹೆಚ್ಚು ಕಂಡಿರುವ ತಪ್ಪು ಪರ್ಸೆಂಟೈಲ್‌ಗಳ ಸರಾಸರಿ. ಒಂದು ಸರ್ವರ್ 9900 ಕೋರಿಕೆಗಳನ್ನು ತಲಾ 0.1 ಸೆಕೆಂಡಿನಲ್ಲಿ ಮುಗಿಸಿತು, ಇನ್ನೊಂದು 100 ಕೋರಿಕೆಗಳಿಗೆ ತಲಾ 60 ಸೆಕೆಂಡ್ ತೆಗೆದುಕೊಂಡಿತು ಎಂದುಕೊಳ್ಳಿ. ಎರಡರ 95ನೇ ಪರ್ಸೆಂಟೈಲ್‌ಗಳ ಸರಾಸರಿ 30.05. ಒಟ್ಟಾರೆಯ ನಿಜವಾದ 95ನೇ ಪರ್ಸೆಂಟೈಲ್ 0.1. ಆ 30 ಸೆಕೆಂಡನ್ನು ಒಬ್ಬನೇ ಒಬ್ಬ ಬಳಕೆದಾರ ಅನುಭವಿಸಿಲ್ಲ, 0.1 ಹೇಳುವ ರಿಪೋರ್ಟ್ ನೂರು ಜನರನ್ನು ಮರೆಸಿಬಿಟ್ಟಿತು. ಮೊದಲು ಎಲ್ಲ ಸರ್ವರ್‌ಗಳ ಬಕೆಟ್ ಎಣಿಕೆಗೆ ರೇಟ್ (ಸೆಕೆಂಡಿಗೆ ಎಷ್ಟು ಏರಿತು) ತೆಗೆದು, ಆಮೇಲೆ ಕೂಡಿಸಿ, ಕೊನೆಗೆ ಪರ್ಸೆಂಟೈಲ್ ತೆಗೆಯಿರಿ. ಕೂಡಿಸಿ ರೇಟ್ ತೆಗೆದರೆ ಒಂದು ಸರ್ವರ್ ರಿಸ್ಟಾರ್ಟ್ ಆದಾಗ ಕೌಂಟರ್ ಸೊನ್ನೆಗೆ ಬಿದ್ದದ್ದು ಗುರುತಾಗದೆ ಅಸಾಧ್ಯವಾದ ಶಿಖರ ಏಳುತ್ತದೆ. ರಿಪೋರ್ಟ್‌ನಲ್ಲಿ 95 ಮತ್ತು 99ರ ಜೊತೆಗೆ 10 ಸೆಕೆಂಡ್ ಮೀರಿದ ಕೋರಿಕೆಗಳ ಬರೀ ಎಣಿಕೆಯನ್ನೂ ಹಾಕಿ. ಮೇಲಿನವರಿಗೆ ಅರ್ಥವಾಗುವುದು ಆ ಎಣಿಕೆಯೇ.

ಅಳತೆಯ ಮಾನಗಳ ಗೊಂದಲಕ್ಕೂ ಒಂದು ನೋಟ: ಎಂಜಿನ್‌ಎಕ್ಸ್ ಸಮಯ ಬರೆಯುವುದು ಸೆಕೆಂಡ್‌ಗಳಲ್ಲಿ, ಅಪಾಚೆ ವೆಬ್ ಸರ್ವರ್‌ನ ದೊಡ್ಡ ಡಿ (%D ಎಂಬ ಲಾಗ್ ಗುರುತು) ಮೈಕ್ರೊಸೆಕೆಂಡ್‌ಗಳಲ್ಲಿ. ಎಂಜಿನ್‌ಎಕ್ಸ್‌ನ ರಿಕ್ವೆಸ್ಟ್ ಟೈಮ್‌ನಲ್ಲಿ ಬಳಕೆದಾರನ ನಿಧಾನ ಮೊಬೈಲ್ ನೆಟ್‌ವರ್ಕ್ ಕೂಡ ಸೇರಿರುತ್ತದೆ, ಅಪ್‌ಸ್ಟ್ರೀಮ್ ಸಮಯದಲ್ಲಿ ಇಲ್ಲ. ಮೊದಲನೆಯದು ಏರಿ ಎರಡನೆಯದು ಏರದಿದ್ದರೆ ಆ್ಯಪ್ ತಂಡವನ್ನು ನಿದ್ದೆಯಿಂದ ಎಬ್ಬಿಸಬೇಡಿ. ಮತ್ತೆ, ಪ್ರೊಮಿಥಿಯಸ್ ಡೀಫಾಲ್ಟ್ ಆಗಿ ಉಳಿಸಿಕೊಳ್ಳುವುದು 15 ದಿನ ಮಾತ್ರ. ವರ್ಷದ ಟ್ರೆಂಡ್ ಕೇಳಿದ ದಿನ ಇದು ನೆನಪಾದರೆ ಪ್ರಯೋಜನವಿಲ್ಲ.

ಆಡಿಟ್ ಕೇಳುವ ಪ್ರಶ್ನೆಗಳು

ಯಾರು, ಎಲ್ಲಿಂದ, ಯಾವಾಗ, ಏನು ಮಾಡಿದರು. "ಎಲ್ಲಿಂದ" ಎಂಬಲ್ಲಿ ಎಲ್ಲ ಸಾಲಿನಲ್ಲೂ ಒಂದೇ ಐಪಿ ಇದ್ದರೆ ಅದು ಲೋಡ್ ಬ್ಯಾಲೆನ್ಸರ್ (ಎಂಜಿನ್‌ಎಕ್ಸ್‌ಗಿಂತ ಮುಂದೆ ನಿಂತು ಕೋರಿಕೆ ಹಂಚುವ ಯಂತ್ರ). ರಿಯಲ್ ಐಪಿ ಮಾಡ್ಯೂಲ್ ಹಾಕಿ, ಆದರೆ ನಂಬುವುದು ನಿಮ್ಮ ಬ್ಯಾಲೆನ್ಸರ್‌ನ ವಿಳಾಸದಿಂದ ಬಂದ ಹೆಡರ್ ಮಾತ್ರ. ಎಲ್ಲರ ಹೆಡರ್ ನಂಬಿದರೆ ಯಾರು ಬೇಕಾದರೂ ತಮಗೆ ಬೇಕಾದ ಐಪಿಯನ್ನು ನಿಮ್ಮ ಆಡಿಟ್‌ನಲ್ಲಿ ಬರೆಸಬಹುದು.

ಒಂದು ಕೋರಿಕೆಯನ್ನು ಎಂಜಿನ್‌ಎಕ್ಸ್‌ನಿಂದ ಆ್ಯಪ್‌ವರೆಗೆ ಹಿಂಬಾಲಿಸಲು ರಿಕ್ವೆಸ್ಟ್ ಐಡಿ ಬೇಕು. ಎಂಜಿನ್‌ಎಕ್ಸ್ 1.11.0ರಿಂದ ಅದು ತಾನೇ ಹುಟ್ಟಿಸುತ್ತದೆ. ಹೆಡರ್‌ನಲ್ಲಿ ಬ್ಯಾಕೆಂಡ್‌ಗೆ ಕಳುಹಿಸಿ, ಆ್ಯಪ್‌ನ ಪ್ರತಿ ಸಾಲಿನಲ್ಲೂ ಬರೆಸಿ. ಒಟಿಪಿ, ಪಾಸ್‌ವರ್ಡ್, ಪೂರ್ತಿ ಟೋಕನ್ ಮಾತ್ರ ಲಾಗ್‌ಗೆ ಬರದಂತೆ ನೋಡಿ. ಕ್ವೆರಿ ಸ್ಟ್ರಿಂಗ್‌ನಲ್ಲಿ ಇವು ನುಸುಳುವುದೇ ಹೆಚ್ಚು.

ಮೇಲೆ ಹೇಳಿದ ಸರ್ಟ್-ಇನ್ ನಿರ್ದೇಶನವೇ ಲಾಗ್‌ಗಳನ್ನು 180 ದಿನ ಇಡಬೇಕು, ಪಟ್ಟಿಯಲ್ಲಿರುವ ಬಗೆಯ ಸೈಬರ್ ಘಟನೆ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು ಎನ್ನುತ್ತದೆ. ಡಿಸ್ಕ್ ಉಳಿಸಲು ಯಾರೋ 30 ದಿನಕ್ಕೆ ಅಳಿಸುವ ಪಾಲಿಸಿ ಹಾಕಿದ್ದಾರೆಯೇ ಎಂದು ಇವತ್ತೇ ನೋಡಿ. ಹುಡುಕಲು 30 ದಿನ ಬಿಸಿ ಡಿಸ್ಕ್‌ನಲ್ಲಿ, ಉಳಿದದ್ದನ್ನು ಅಗ್ಗದ ಸಂಗ್ರಹದಲ್ಲಿ ಕುಗ್ಗಿಸಿ ಇಟ್ಟರೆ ಖರ್ಚು ಹೆಚ್ಚೇನೂ ಬರುವುದಿಲ್ಲ.

ಕಳೆದದ್ದನ್ನು ತುಂಬಿಸಿ, ಮತ್ತೆ ಎಣಿಸಿ

ಮ್ಯಾಪಿಂಗ್ ಸರಿಪಡಿಸಿದ ಮೇಲೆ ಮೂಲ ಫೈಲ್‌ಗಳಿಂದ ಮತ್ತೆ ಓದಿಸಬೇಕು. ತಡ ಮಾಡಬೇಡಿ, ಡೆಬಿಯನ್ ಪ್ಯಾಕೇಜಿನ ಈಚಿನ ಎಂಜಿನ್‌ಎಕ್ಸ್‌ನಲ್ಲಿ ರೊಟೇಶನ್ 14 ದಿನದ ಫೈಲ್ ಮಾತ್ರ ಉಳಿಸುತ್ತದೆ. ಮೊದಲು ಆ ಫೈಲ್‌ಗಳನ್ನು ಬೇರೆಡೆ ನಕಲು ಮಾಡಿ. ರಿಕ್ವೆಸ್ಟ್ ಐಡಿಯನ್ನೇ ದಾಖಲೆಯ ಐಡಿ ಮಾಡಿ ಕಳುಹಿಸಿದರೆ ಒಂದೇ ಸಾಲು ಎರಡು ಸಲ ಹೋದರೂ ಒಂದರ ಮೇಲೊಂದು ಕೂರುತ್ತದೆ. ಆದರೆ ಈಗಾಗಲೇ ಬೇರೆ ಐಡಿಯಲ್ಲಿ ಒಳಗಿರುವ ಸಾಲುಗಳಿಗೆ ಇದು ಅನ್ವಯಿಸುವುದಿಲ್ಲ. ಆ ಗಂಟೆಗಳ ಹಳೆಯ ದಾಖಲೆಗಳನ್ನು ಪಕ್ಕಕ್ಕಿಟ್ಟು ಹೊಸ ಇಂಡೆಕ್ಸ್‌ಗೆ ಪೂರ್ತಿ ಓದಿಸುವುದೇ ಲೇಸು. ಯಾವ ದಿನ, ಯಾವ ಕಾರಣಕ್ಕೆ ಮರುಭರ್ತಿ ಮಾಡಿದಿರಿ ಎಂದು ಟಿಪ್ಪಣಿ ಬರೆದಿಡಿ, ಏಕೆಂದರೆ ಆಡಿಟರ್ ಕೇಳುವ ಮೊದಲ ಪ್ರಶ್ನೆ ಅದು.

ಆಮೇಲೆ ಮೂರು ಕಡೆಯ ಎಣಿಕೆಯನ್ನು ಮತ್ತೆ ಮಾಡಿ. ಹೊಂದಿತೆಂದರೆ ಅದೇ ಎಣಿಕೆಯನ್ನು 15 ನಿಮಿಷಕ್ಕೊಮ್ಮೆ ಯಂತ್ರದಿಂದ ಮಾಡಿಸಿ: ಎಂಜಿನ್‌ಎಕ್ಸ್‌ನ ಸ್ಟಬ್ ಸ್ಟೇಟಸ್ ಪುಟದ ಕೋರಿಕೆ ಕೌಂಟರ್ ಒಂದು ಕಡೆ, ಎಲಾಸ್ಟಿಕ್‌ಸರ್ಚ್ ಎಣಿಕೆ ಇನ್ನೊಂದು ಕಡೆ. ಹೆಲ್ತ್ ಚೆಕ್‌ಗಳನ್ನು ಲಾಗ್ ಮಾಡುತ್ತಿಲ್ಲವಾದರೆ ಆ ವ್ಯತ್ಯಾಸವನ್ನು ಮೊದಲೇ ಕಳೆಯಿರಿ. ಬಾಕಿ ವ್ಯತ್ಯಾಸ ನೀವು ಗೊತ್ತುಮಾಡಿದ ಮಿತಿ ದಾಟಿದರೆ ಎಚ್ಚರಿಕೆ ಬರಲಿ. ಆ ಎಚ್ಚರಿಕೆಯನ್ನು ಎಲಾಸ್ಟಿಕ್‌ಸರ್ಚ್ ಮೂಲಕವೇ ಕಳುಹಿಸಬೇಡಿ. ಎಂಜಿನ್‌ಎಕ್ಸ್ ಸರ್ವರ್ ಮೇಲಿನ ನಿಗದಿತ ಹೊತ್ತಿಗೆ ಓಡುವ ಸಣ್ಣ ಕ್ರಾನ್ ಸ್ಕ್ರಿಪ್ಟ್ ನೇರವಾಗಿ ಎಸ್‌ಎಂಎಸ್ ಕಳುಹಿಸಲಿ.